ಕಬ್ಬು ಮುಗಿದಲ್ಲಿ ಏರು ಶುರು

ಪ್ರಿಯ ಗೆಳೆಯಾ,

ನಿನ್ನ ಕಾಗದ ಓದಿದೆ. ದ್ರಾಕ್ಷಿ ತೋಟಗಳ ನಡುವೆ ಸೈಕಲ್ ಹೊಡೆಯಬೇಕು, ವೈನ್ ರುಚಿಯನ್ನೂ ನೋಡಬೇಕು, ನಾಸಿಕಕ್ಕೆ ಹೋಗಲೋ ನಂದಿ ಬೆಟ್ಟದ ಕಡೆ ಹೋಗಲೋ ಅಂತ ಕೇಳಿದ್ದೀಯ. ಈ ಸಲ ಎರಡೂ ಬೇಡ, ನಮ್ಮ ಕಡೆ ಬಾ. ಸಾಂಗ್ಲಿ ಅಂದರೆ ನಿನಗೆ ಅರಿಸಿನವೇ ನೆನಪಾಗಬಹುದು. ಆದರೆ ಪಲೂಸಿನಿಂದ ಹೊರಟು ತಾಸಗಾಂವ, ಕವಠೆ ಮಹಾಂಕಾಳ ದಾಟಿ ನಮ್ಮ ಜತ್ತ ತಾಲೂಕಿಗೆ ಬರುವ ದಾರಿ ದ್ರಾಕ್ಷಿಯ ದಾರಿ. ಶುರುವಿನಲ್ಲಿ ಮರಾಠಿ, ಬರಬರುತ್ತ ಎರಡೂ ಕಲೆತು, ಕೊನೆಗೆ ಗುಡ್ಡಾಪುರದಲ್ಲಿ ಪೂರ್ತಿ ಕನ್ನಡ.

ರಾಣಿ ಚೆನ್ನಮ್ಮ ಗಾಡಿಯಲ್ಲಿ ಮಿರಜಕ್ಕೆ ಬಾ. ಅಲ್ಲಿಂದ ಕಿರ್ಲೋಸ್ಕರವಾಡಿಗೆ ಹೋಗಿ ಸೈಕಲ್ ಹತ್ತೋಣ. ಆ ಊರಿನಿಂದಲೇ ಹೊರಡಬೇಕು ಅಂತ ನನಗೆ ಆಸೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಅವರು ಬೆಳಗಾವಿಯಲ್ಲಿ ಇಟ್ಟಿದ್ದು ಸೈಕಲ್ ಅಂಗಡಿ. ಕಬ್ಬಿಣದ ನೇಗಿಲು ಆಮೇಲಿನ ಮಾತು. ಔಂಧ ಸಂಸ್ಥಾನದ ರಾಜರು ಕೊಟ್ಟ ಬರಡು ಜಾಗದಲ್ಲಿ 1910ರಲ್ಲಿ ಈ ಊರು ಕಟ್ಟಿದರು. ಸೈಕಲ್ ಮಾರುತ್ತಿದ್ದ ಮನುಷ್ಯ ಕಟ್ಟಿದ ಊರಿನಿಂದ ಸೈಕಲ್ ಹತ್ತಿ ಹೊರಡುವುದು ಎಷ್ಟು ಚೆಂದ, ಅಲ್ವಾ?

ಪಕ್ಕದ್ದೇ ಪಲೂಸ್. ನೀನು ಕೇಳಿದ ವೈನ್ ಅಲ್ಲಿದೆ. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆ ಅಂತಲೇ ಒಂದು ನೀತಿ ತಂದಿತು. ನಾಸಿಕ ಜಿಲ್ಲೆಯ ವಿಂಚೂರಿಗೊಂದು, ಪಲೂಸಿಗೊಂದು ವೈನ್ ಪಾರ್ಕ್, ಅಂದರೆ ವೈನ್ ಕಾರ್ಖಾನೆಗಳಿಗೆಂದೇ ಮೀಸಲಿಟ್ಟ ಜಾಗ, ಬಂತು. ವೈನ್ ದ್ರಾಕ್ಷಿಯನ್ನು ಮೊದಲ ಸಲ ನೋಡಿದವರಿಗೆ ಇಷ್ಟೇನಾ ಅನ್ನಿಸುತ್ತದೆ. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಕಪ್ಪು ಹಣ್ಣನ್ನು ಹಿಸುಕಿ ನೋಡು, ರಸಕ್ಕೆ ಹೆಚ್ಚು ಬಣ್ಣವೇ ಇರುವುದಿಲ್ಲ. ಸಿಪ್ಪೆಯನ್ನು ರಸದ ಜೊತೆಗೇ ಹುದುಗಲು ಬಿಟ್ಟಾಗ ವೈನ್ ಕೆಂಪಗಾಗುತ್ತದೆ. ಇಂಥ ಹಣ್ಣನ್ನು ತಿನ್ನಲಿಕ್ಕೆ ಅಂತ ಪೇಟೆಗೆ ಒಯ್ದರೆ ಯಾರು ಕೊಳ್ಳುತ್ತಾರೆ? ಕಾರ್ಖಾನೆಯವರು ಬೇಡ ಅಂದರೆ ಮುಗಿಯಿತು. ವೈನಿಗೆ ಬೇಡಿಕೆ ಬಿದ್ದ ವರ್ಷಗಳಲ್ಲಿ ಎಷ್ಟೋ ರೈತರು ಆ ಬಳ್ಳಿ ಕಿತ್ತುಹಾಕಿದರು. ಅದೇ ಥಾಮ್ಸನ್, ತಾಸ್-ಎ-ಗಣೇಶ, ಸೋನಾಕಾದಂಥ ಬೀಜವಿಲ್ಲದ ತಳಿ ಇದ್ದರೆ ಹಣ್ಣಾಗಿಯೂ ಮಾರಬಹುದು, ದರ ಬಿದ್ದರೆ ಒಣಗಿಸಲೂಬಹುದು. ಹಾಗಾಗಿ ನಮ್ಮ ಕಡೆ ವೈನಿಗಿಂತ ಒಣದ್ರಾಕ್ಷಿಯೇ ಜಾಸ್ತಿ. ವೈನ್ ರುಚಿ ನೋಡುವ ಕೋಣೆಯಲ್ಲಿ ಕೂತು ಇದನ್ನು ತಿಳಿಯುವುದು ಕಷ್ಟ.

ಪಲೂಸಿನಿಂದ ತಾಸಗಾಂವದವರೆಗೆ ಒಂದೇ ಎಚ್ಚರ ಬೇಕು. ನಾವು ಹೋಗುವುದು ಕಬ್ಬು ಅರೆಯುವ ಕಾಲದಲ್ಲಿ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳಿಗೆ ಎಷ್ಟೋ ಸಲ ಹಿಂದೆ ದೀಪ ಇರುವುದಿಲ್ಲ, ಕಬ್ಬಿನ ತುದಿ ರಸ್ತೆಯ ಅರ್ಧಕ್ಕೆ ಚಾಚಿರುತ್ತದೆ. ಕತ್ತಲಲ್ಲಿ ಆ ರಸ್ತೆಗೆ ಇಳಿಯುವುದು ಬೇಡವೇ ಬೇಡ. ತಾಸಗಾಂವದಲ್ಲಿ ಪಟವರ್ಧನರ ಗಣಪತಿ ಗುಡಿಗೆ ಏಳಂತಸ್ತಿನ ಗೋಪುರ ಇದೆ, ನಮ್ಮ ದಕ್ಷಿಣದ ಗುಡಿಗಳಿಗೆ ಇರುವಂಥದ್ದು. ಅದನ್ನು ನೋಡಿ, ಚಹಾ ಕುಡಿದು ಪೂರ್ವಕ್ಕೆ ತಿರುಗೋಣ.

ನಾನು ನಿನಗೆ ತೋರಿಸಬೇಕೆಂದಿರುವುದು ಅಲ್ಲಿಂದ ಮುಂದೆ. ಕಾರಿನಲ್ಲಿ ಹೋದರೆ ಅದು ಗೊತ್ತೇ ಆಗುವುದಿಲ್ಲ. ಎಲ್ಲಿ ಕಬ್ಬು ಮುಗಿಯುತ್ತದೋ ಅಲ್ಲೇ ಏರು ಶುರುವಾಗುತ್ತದೆ. ಕೃಷ್ಣೆಯ ಎರೆ ಭೂಮಿ ಹಿಂದೆ ಬೀಳುತ್ತದೆ. ಗರಸು ಕಲ್ಲಿನ ಮಡ್ಡಿ ಬರುತ್ತದೆ, ದಂಡೋಬಾ ಗುಡ್ಡದ ಸಾಲು ಕಾಣುತ್ತದೆ. ಗೇರ್ ಇಳಿಸಬೇಕಾಗುತ್ತದೆ. ಏದುಸಿರು ಬಿಡುತ್ತಾ ತಲೆ ಎತ್ತಿದರೆ ಎರಡೂ ಕಡೆ ದ್ರಾಕ್ಷಿ ಚಪ್ಪರ. ನೀರು ನಿಲ್ಲುವ ನೆಲ ದ್ರಾಕ್ಷಿಯ ಬೇರಿಗೆ ಆಗದು. ಬೇರಿಗೆ ಗಾಳಿ ಬೇಕು, ಬಿದ್ದ ನೀರು ಜಾರಿ ಹೋಗಬೇಕು. ನಮ್ಮ ಕಾಲು ನೋಯಿಸುವ ಇಳಿಜಾರೇ ಅದಕ್ಕೆ ಬೇಕು. ಇಲ್ಲಿಯವರು ಡಾಗ್‌ರಿಡ್ಜ್ ಅನ್ನುವ ಕಾಡು ಬೇರಿನ ಗಿಡ ಹಚ್ಚಿ, ಅದರ ಮೇಲೆ ತಮಗೆ ಬೇಕಾದ ತಳಿ ಕಸಿ ಕಟ್ಟುತ್ತಾರೆ. ನೀರು ಕಮ್ಮಿ ಇದ್ದರೂ, ಉಪ್ಪು ನೀರಿದ್ದರೂ ಅದು ತಾಳಿಕೊಳ್ಳುತ್ತದೆ.

ಇಷ್ಟಾದರೂ ನೀರಂತೂ ಬೇಕಲ್ಲ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರು ಎತ್ತಿ, ಹಂತ ಹಂತವಾಗಿ ಪಂಪು ಮಾಡಿ ಕವಠೆ ಮಹಾಂಕಾಳ, ಜತ್ತದ ಕಡೆ ಏರಿಸುತ್ತಾರೆ. ಆ ಕಾಲುವೆ ಮುಟ್ಟಿದ ಕಡೆ ತೋಟ, ಮುಟ್ಟದ ಕಡೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ಬರ ಬಂದರೆ ಟ್ಯಾಂಕರ್. 2022ರ ಕೊನೆಯಲ್ಲಿ ಜತ್ತದ ಹಳ್ಳಿಗಳು ಯಾವ ರಾಜ್ಯದಲ್ಲಿರಬೇಕು ಅಂತ ಪತ್ರಿಕೆಗಳಲ್ಲಿ ದೊಡ್ಡ ಗದ್ದಲ ಆಯಿತಲ್ಲ, ನೆನಪಿದೆಯಾ? ಹೊರಗಿನವರಿಗೆ ಅದು ಗಡಿಯ ಜಗಳವಾಗಿ ಕಂಡಿತು. ನಮಗೆ ಅದು ನೀರಿನ ಮಾತು. ಆ ಏರನ್ನು ನೀನೇ ತುಳಿದು ಹತ್ತಿದರೆ, ನೀರನ್ನು ಅಷ್ಟು ಮೇಲೆ ತರುವುದು ಎಂಥ ಕೆಲಸ ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.

ಒಣದ್ರಾಕ್ಷಿಯ ಶೆಡ್ಡಿನ ಹತ್ತಿರ ಸೈಕಲ್ ನಿಲ್ಲಿಸಲೇಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಕೆಲಸ ಜೋರು. ಕ್ರೇಟಿನಲ್ಲಿ ಬಂದ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಅದ್ದುವ ಮೊದಲು ಕಾಳಿನ ಮೇಲೆ ಬೂದಿ ಹಚ್ಚಿದಂಥ ಮಬ್ಬು ಇರುತ್ತದೆ. ಅದು ಮೇಣ. ನೀರಿನಿಂದ ಮೇಲೆ ಬಂದ ಗೊಂಚಲು ಗಾಜಿನಂತೆ ಹೊಳೆಯುತ್ತದೆ. ಮೇಣದ ಪದರ ಸಡಿಲಾದ್ದರಿಂದ ಒಳಗಿನ ನೀರಿಗೆ ಹೊರಗೆ ಹೋಗಲು ದಾರಿಯಾಗುತ್ತದೆ. ಆಮೇಲೆ ಮಾಳಿಗೆಯ ಮೇಲೆ ಮಾಳಿಗೆ ಕಟ್ಟಿದ ಜಾಳಿಗೆಯ ರ‍್ಯಾಕಿನ ಮೇಲೆ ಹರಡುತ್ತಾರೆ. ಸುತ್ತ ಹಸಿರು ನೆಟ್. ಗಾಳಿ ಆಡಬೇಕು, ಬಿಸಿಲು ನೇರ ಬೀಳಬಾರದು, ಬಿದ್ದರೆ ಕಾಳು ಕಂದಾಗುತ್ತದೆ. ಎರಡು ವಾರದ ಹೊತ್ತಿಗೆ ಒಣಗಿರುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಮ್ಮಿ ಒಂದು ಕಿಲೋ. ಆಗ ಒಂದು ಮಳೆ ಬಂದರೂ ರೈತನ ವರ್ಷ ಹೋಯಿತು. ಶೆಡ್ಡಿನ ಹೆಂಗಸರು ಮಾತಾಡುತ್ತಲೇ ಆಗಾಗ ಆಕಾಶ ನೋಡುವುದು ಅದಕ್ಕೇ. ಒಣಗಿದ್ದನ್ನು ರ‍್ಯಾಕಿನಿಂದ ಉದುರಿಸುವಾಗ ಜಾಳಿಗೆ ಬಡಿಯುವ ಸದ್ದು ರಸ್ತೆಯವರೆಗೂ ಕೇಳುತ್ತದೆ. ಸುಮ್ನೆ ನಿಂತು ನೋಡಿದರೂ ಒಂದು ಹಿಡಿ ಕೈಗೆ ಹಾಕಿ ಕಳಿಸುತ್ತಾರೆ. ಬಳ್ಳಿಯಿಂದ ಮಾತ್ರ ಕೇಳದೆ ಕೀಳಬೇಡ. ಔಷಧಿ ಹೊಡೆದು ಎಷ್ಟು ದಿನ ಆಯಿತು ಅನ್ನುವುದು ತೋಟದವರಿಗಷ್ಟೇ ಗೊತ್ತು.

ಜತ್ತ ದಾಟಿದ ಮೇಲೆ ಗಾಳಿಗೆ ಅಡ್ಡ ಏನೂ ಇಲ್ಲ. ಘಾಟ್ ಅನ್ನುವಂಥದ್ದು ಇಲ್ಲ, ಆದರೆ ಏರು ಇಳಿವು ಮುಗಿಯುವುದೂ ಇಲ್ಲ. ವಿಜಯಪುರದ ಡೋಣಿ ನದಿ ಹುಟ್ಟುವುದು ಇದೇ ತಾಲೂಕಿನಲ್ಲಿ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಅಂತ ನಿಮ್ಮಜ್ಜಿ ಹೇಳುತ್ತಿದ್ದರಲ್ಲ, ಆ ಡೋಣಿ. ಗುಡ್ಡಾಪುರಕ್ಕೆ ಹೋಗುವ ರಸ್ತೆಯಲ್ಲಿ ಕಾರ್ತಿಕದ ಕೊನೆಗೆ, ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ, ಕರ್ನಾಟಕದಿಂದ ಸಾವಿರಾರು ಜನ ನಡೆದು ಬರುತ್ತಾರೆ. ಆ ಗುಡಿಯ ದೇವಿ ದಾನಮ್ಮ ತಾಯಿ ಹುಟ್ಟಿದ ಉಮರಾಣಿಯೂ ನಮ್ಮ ತಾಲೂಕಿನದೇ. ಗುಡಿಯಲ್ಲಿ ದಾಸೋಹದ ಊಟ ಮಾಡೋಣ. ಮರುದಿನ ತಿಕೋಟಾ ಮೇಲೆ ಹಾಯ್ದು ವಿಜಯಪುರ ಸೇರಿದರೆ ನಿನಗೆ ಅಲ್ಲಿಂದಲೇ ರೈಲು ಸಿಗುತ್ತದೆ.

ಫೆಬ್ರವರಿ ನಡುವಿಗೆ ಬಾ. ಹಣ್ಣಿನ ಕೊಯ್ಲೂ ಇರುತ್ತದೆ, ಶೆಡ್ಡುಗಳೂ ತುಂಬಿರುತ್ತವೆ. ಬೆಳಗ್ಗೆ ಬೆಳಕು ಹರಿದ ಕೂಡಲೇ ಹೊರಟು ಹನ್ನೊಂದರೊಳಗೆ ನೆರಳು ಹಿಡಿಯೋಣ. ಮಧ್ಯಾಹ್ನದ ಬಿಸಿಲು ಆಗಲೇ ಚುರುಕಾಗಿರುತ್ತದೆ. ಕಾಲುದಾರಿಗೆ ಇಳಿದರೆ ಜಾಲಿ ಮುಳ್ಳು ಟೈರಿಗೆ ಹೊಕ್ಕೇ ಹೊಗುತ್ತದೆ, ಹಾಗಾಗಿ ಟ್ಯೂಬು, ಪ್ಯಾಚು, ಪಂಪು ಮೂರೂ ಇರಲಿ. ನಿನ್ನ ಸಣ್ಣ ಟೈರಿನ ರೋಡ್ ಬೈಕ್ ಬೇಡ, ದಪ್ಪ ಟೈರಿನದು ತಾ. ಹಿಂದಿನ ದೊಡ್ಡ ಗೇರು ಸರಿಯಾಗಿ ಬೀಳುತ್ತದಾ ಅಂತ ಅಲ್ಲೇ ನೋಡಿಸಿಕೋ, ಈ ಕಡೆ ಹಳ್ಳಿಗಳಲ್ಲಿ ಗೇರ್ ಸೈಕಲ್ ರಿಪೇರಿ ಸಿಗುವುದು ಕಷ್ಟ. ರೈಲಿನ ಲಗೇಜಿಗೆ ಹಾಕುವಾಗ ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಗೇರ್ ಬದಲಿಸುವ ಡಿರೇಲರಿಗೆ ಗೋಣಿ ಸುತ್ತಿ ಕಟ್ಟು. ಟಿಕೆಟ್ ಆದ ದಿನವೇ ಫೋನ್ ಮಾಡು. ಶೆಡ್ಡಿನವರಿಗೂ ಮೊದಲೇ ಹೇಳಿ ಇಡುತ್ತೇನೆ, ಅದ್ದುವ ಕೆಲಸ ಯಾವ ದಿನ ಅಂತ ಕೇಳಿಕೊಂಡೇ ನಾವು ಹೊರಡಬೇಕು.

ನಿನ್ನ ದೋಸ್ತ