ಸುಣ್ಣದ ಗೆರೆ ಅಳಿಸಿದರೆ ಡ್ರೋನ್ ಏನು ಮಾಡೀತು?

ಮಾನ್ಯರೇ,

ಹಳ್ಳಿಯ ಮನೆ, ನಿವೇಶನಗಳನ್ನು ಅಳೆದು ಆಸ್ತಿ ಕಾರ್ಡ್ ಕೊಡುವ ಸ್ವಾಮಿತ್ವ ಯೋಜನೆಯಡಿ ಗ್ರಾಮಠಾಣಾ (ಊರೊಳಗಿನ ವಾಸದ ಜಾಗ) ಆಸ್ತಿಗಳ ಗಡಿಗೆ ಸುಣ್ಣದ ಗೆರೆ ಎಳೆದು, ಡ್ರೋನ್‌ನಿಂದ ಚಿತ್ರ ತೆಗೆಯುತ್ತಾರೆ. ಹಾರಾಟಕ್ಕೆ ಮೊದಲೇ ಮಳೆ ಬಂದರೆ, ದನ ತುಳಿದರೆ ಚಿತ್ರದಲ್ಲಿ ಗಡಿಯೇ ಇರದು. ಹಾರಿಸುವ ದಿನ ಬೆಳಿಗ್ಗೆ ಗೆರೆಯನ್ನು ಮತ್ತೊಮ್ಮೆ ತೀಡಬೇಕು. ತೆಂಗು, ಹಲಸಿನ ನೆರಳಿನ ಗೆರೆಯಾಗಲಿ ಸೂರಿನಡಿಯ ಗೋಡೆಯಾಗಲಿ ಮೇಲಿನಿಂದ ಕಾಣುವುದಿಲ್ಲ; ಅಲ್ಲಿ ಟೇಪು ಹಿಡಿದೇ ಅಳೆಯಬೇಕು. ಸೂರಿನ ಅಂಚನ್ನೇ ಗೋಡೆಯೆಂದು ನಕ್ಷೆಗಿಳಿಸಿದರೆ ಎರಡಡಿ ಜಾಗ ಅತ್ತಿತ್ತ ಆಗಿ ಜಗಳ ಶುರು!

ದೊಡ್ಡ ಪ್ರದೇಶಕ್ಕೆ ವಿಮಾನದಂಥ ಸ್ಥಿರ ರೆಕ್ಕೆಯ ಡ್ರೋನ್ ಅನುಕೂಲ. ಆದರೆ ಅದು ಗಾಳಿಯಲ್ಲಿ ನಿಲ್ಲಲಾರದು, ಸಾಗುತ್ತಲೇ ಚಿತ್ರ ತೆಗೆಯಬೇಕು. ಸೆಕೆಂಡಿಗೆ 18 ಮೀಟರ್ ವೇಗದಲ್ಲಿ ಷಟರ್ 1/250 ಸೆಕೆಂಡ್ ತೆರೆದಿದ್ದರೆ ಚಿತ್ರ 7 ಸೆಂ.ಮೀ. ಕದಡುತ್ತದೆ, 1/1000ಕ್ಕೆ ಇಟ್ಟರೆ 2 ಸೆಂ.ಮೀ.ಗೂ ಕಡಿಮೆ. ಅಡ್ಡಗಾಳಿಗೆ ಡ್ರೋನ್ ಓರೆಯಾಗಿ ಸಾಗುವುದರಿಂದ ಪಕ್ಕದ ಸಾಲಿನ ಚಿತ್ರಗಳು ಶೇ 70ರಷ್ಟಾದರೂ ಒಂದರ ಮೇಲೊಂದು ಬರುವಂತೆ ಯೋಜಿಸಬೇಕು. ಇಲ್ಲದಿದ್ದರೆ ಜೋಡಿಸುವಾಗ ನಡುವೆ ತೂತು ಬೀಳುತ್ತದೆ. ನಿಖರತೆ ಪರೀಕ್ಷಿಸಲು ಜಿಎನ್‌ಎಸ್‌ಎಸ್‌ನಿಂದ (ಉಪಗ್ರಹಗಳ ನೆರವಿನಿಂದ ಸ್ಥಾನ ತಿಳಿಸುವ ಉಪಕರಣ) ಅಳೆದ ನಾಲ್ಕೈದು ನೆಲಗುರುತುಗಳನ್ನು ನಕ್ಷೆ ಜೋಡಿಸುವ ಲೆಕ್ಕಾಚಾರದಿಂದ ಹೊರಗಿಟ್ಟು, ಆಮೇಲೆ ನಕ್ಷೆಯೊಂದಿಗೆ ಹೋಲಿಸಬೇಕು.

ಕರಡು ನಕ್ಷೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸುವಾಗ ಈ ಗುರುತುಗಳಲ್ಲಿ ಕಂಡ ವ್ಯತ್ಯಾಸವನ್ನೂ ಅದರಲ್ಲೇ ಬರೆಯಲಿ.

– ಒಬ್ಬ ಭೂಮಾಪಕ, ತುಮಕೂರು