ಚೆಪಾಕ್ ಅಂದರೆ ಬರೀ ಸ್ಪಿನ್ನಾ?

ಮಾನ್ಯ ಸಂಪಾದಕರೇ,

ಚೆನ್ನೈನ ಚೆಪಾಕ್ ಮೈದಾನದಲ್ಲಿ ಪಂದ್ಯ ಇದೆ ಅಂದರೆ ಸಾಕು, ನಿಮ್ಮ ಕ್ರೀಡಾ ಪುಟದಲ್ಲಿ ಒಂದು ಸಾಲು ತಪ್ಪದೆ ಬರುತ್ತದೆ: 'ಚೆಪಾಕ್ ಸ್ಪಿನ್ನರ್‌ಗಳ ಸ್ವರ್ಗ'. ಸುಳ್ಳು ಅಂತ ಹೇಳಲಾರೆ. 1952ರಲ್ಲಿ ಭಾರತ ಮೊಟ್ಟಮೊದಲ ಟೆಸ್ಟ್ ಗೆದ್ದದ್ದು ಅಲ್ಲೇ, ಸ್ಪಿನ್ನರ್ ವಿನೂ ಮಂಕಡ್ ಅವರ 12 ವಿಕೆಟ್‌ಗಳಿಂದ. ಇನ್ನೊಬ್ಬ ಸ್ಪಿನ್ನರ್ ಹಿರ್ವಾನಿ ಆಡಿದ ಮೊದಲ ಟೆಸ್ಟ್‌ನಲ್ಲೇ 16 ವಿಕೆಟ್ ಕಿತ್ತದ್ದೂ ಅಲ್ಲೇ. ಆದರೆ ಭಾರತದವರು ಇಲ್ಲಿಯವರೆಗೆ ಟೆಸ್ಟ್‌ನಲ್ಲಿ ಹೊಡೆದ ತ್ರಿಶತಕ ಮೂರೇ ಮೂರು. ಅದರಲ್ಲಿ ಎರಡು ಚೆಪಾಕ್‌ನವು. ಇದಕ್ಕೇನು ಹೇಳುತ್ತೀರಿ?

ಒಂದು ಸೆಹ್ವಾಗ್ ಅವರದು, 2008ರಲ್ಲಿ. ಇನ್ನೊಂದು ನಮ್ಮ ಕರ್ನಾಟಕದ ಕರುಣ್ ನಾಯರ್ ಅವರದು. ಅದು 2016ರ ಡಿಸೆಂಬರ್. ನಾನು ಆಗ ಚೆನ್ನೈನಲ್ಲಿ ಕೆಲಸದಲ್ಲಿದ್ದೆ. ಟೆಸ್ಟ್‌ಗೆ ನಾಲ್ಕು ದಿನ ಮುಂಚೆ ವರ್ದಾ ಚಂಡಮಾರುತ ಬಂದು ಹೋಗಿತ್ತು. ರಸ್ತೆ ತುಂಬ ಮರ ಬಿದ್ದಿದ್ದವು, ನಮ್ಮ ಬೀದಿಗೆ ಎರಡು ದಿನ ಕರೆಂಟಿಲ್ಲ. ಮೈದಾನವಂತೂ ಮರೀನಾದಿಂದ ನಡೆದು ಹೋಗುವಷ್ಟು ಹತ್ತಿರ, ಗಾಳಿ ಅದನ್ನು ಬಿಟ್ಟೀತೇ? ಪಿಚ್ ಒಣಗಿಸಲು ಕೆಂಡ ಇಟ್ಟರು. ಪಂದ್ಯ ನಡೆಯೋದೇ ಅನುಮಾನ ಅಂತಿದ್ದರು ನಮ್ಮ ಆಫೀಸಿನವರು. ಅಂಥ ಪಿಚ್ ಮೇಲೆ ನಮ್ಮ ಕೆ.ಎಲ್. ರಾಹುಲ್ 199ಕ್ಕೆ ಔಟಾಗಿ ತಲೆ ಚಚ್ಚಿಕೊಳ್ಳುವ ಹಾಗೆ ಮಾಡಿದರು. ಕರುಣ್ 303 ನಾಟೌಟ್. ಇಬ್ಬರದೇ 502 ರನ್!

ಇದಕ್ಕೂ ಹಿಂದಿನದು ಕೇಳಿ. 1975ರ ಜನವರಿ, ವೆಸ್ಟ್ ಇಂಡೀಸ್ ಟೆಸ್ಟ್. ಅಲ್ಲಿ ಬೆಂಕಿ ಉಗುಳಿದ್ದು ಸ್ಪಿನ್ನರ್ ಅಲ್ಲ, ಅವರ ವೇಗಿ ಆಂಡಿ ರಾಬರ್ಟ್ಸ್. 64 ರನ್‌ಗೆ 7 ವಿಕೆಟ್. ಭಾರತ 190ಕ್ಕೆ ಆಲೌಟ್. ಅದರಲ್ಲಿ 97 ನಮ್ಮ ವಿಶಿ, ಅಂದರೆ ಜಿ.ಆರ್. ವಿಶ್ವನಾಥ್, ಒಬ್ಬರದೇ, ಅದೂ ಔಟಾಗದೆ. ಜೊತೆಗೆ ನಿಲ್ಲುವವರು ಇನ್ನೊಂದೆರಡು ಓವರ್ ನಿಂತಿದ್ದರೆ ನೂರು ಆಗುತ್ತಿತ್ತು. ಕೊನೆಗೆ ಆ ಟೆಸ್ಟ್ ಭಾರತ 100 ರನ್‌ನಿಂದ ಗೆದ್ದಿತು. ಮದ್ರಾಸಿನ ಹಳಬರು ವಿಶಿ ಹೆಸರು ಹೇಳುವಾಗ ಅವರು ನಮ್ಮವರೋ ಅವರವರೋ ಅನ್ನಿಸಿಬಿಡುತ್ತದೆ.

ನಮಗೆ ಅಲ್ಲಿ ಬರೀ ಸಿಹಿ ಸಿಕ್ಕಿದೆ ಅಂತ ಅಲ್ಲ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು ಚೆಪಾಕ್‌ನಲ್ಲಿ, 1934ರ ನವೆಂಬರ್ 4ರಂದು. ಮದ್ರಾಸ್ ವಿರುದ್ಧ ಮೈಸೂರು. ನಾವು 48 ಮತ್ತು 59ಕ್ಕೆ ಆಲೌಟ್. ಒಂದೇ ದಿನದಲ್ಲಿ ಕಥೆ ಮುಗಿದು, ಸಂಜೆಗೆ ಇನಿಂಗ್ಸ್ ಸೋಲು. ಮದ್ರಾಸ್‌ನ ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ತೆಗೆದಿದ್ದರು.

1999ರ ಪಾಕಿಸ್ತಾನ ಟೆಸ್ಟ್ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಬೆನ್ನುನೋವಿನಲ್ಲಿ ಸಚಿನ್ 136 ಹೊಡೆದು ಔಟಾದಾಗ ಬೇಕಿದ್ದದ್ದು 17 ರನ್. ಉಳಿದವರು ಯಾರು? ಸುನಿಲ್ ಜೋಶಿ, ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್. ನಾಲ್ವರೂ ನಮ್ಮವರೇ! ಸೇರಿದ್ದು ನಾಲ್ಕೇ ರನ್. 12 ರನ್ ಸೋಲು. ಅಷ್ಟಾದರೂ ಚೆನ್ನೈ ಜನ ಎದ್ದು ನಿಂತು ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ಟಿವಿ ಮುಂದೆ ಕೂತು ಬೈಯುತ್ತಿದ್ದ ನಾನು ಅದನ್ನು ನೋಡಿ ಸುಮ್ಮನಾದೆ.

ಪಿಚ್ ವರದಿಯಲ್ಲಿ ಬರಬೇಕಾದದ್ದು ಇನ್ನೂ ಒಂದಿದೆ, ಸೆಕೆ. 1986ರ ಟೈ ಆದ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಡೀನ್ ಜೋನ್ಸ್ ವಾಂತಿ ಮಾಡಿಕೊಳ್ಳುತ್ತಲೇ 210 ಹೊಡೆದು ಆಸ್ಪತ್ರೆ ಸೇರಿದರು. ಅಂಥ ಸೆಕೆಯಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಬೀಸಿದರೆ ಜೀವ ಬಂದ ಹಾಗೆ. ಆ ಗಾಳಿ ಒಳಗೆ ಬರಲಿ ಅಂತಲೇ ಸ್ಟ್ಯಾಂಡ್‌ಗಳ ನಡುವೆ ಜಾಗ ಬಿಟ್ಟು ಕಟ್ಟಿದ್ದಾರೆ. ಅಲ್ಲಿ ಕೂತು ನೋಡಿದವರಿಗೆ ಇದು ಗೊತ್ತು, ಅಲ್ವಾ?

2023ರ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ ಎದುರು ಭಾರತ 2 ರನ್‌ಗೆ 3 ವಿಕೆಟ್ ಕಳೆದುಕೊಂಡಿತ್ತು. ಆ ಮೂರೂ ಹೋದದ್ದು ವೇಗಿಗಳಿಗೆ. ಅಲ್ಲಿಂದ ಗೆಲ್ಲಿಸಿದ್ದು ಕೊಹ್ಲಿ ಮತ್ತು ರಾಹುಲ್. ನೂರು ಮಾಡೋಣ ಅಂತ ರಾಹುಲ್ ಮೊದಲು ನಾಲ್ಕು ರನ್‌ಗೆ ಹೊಡೆದರೆ ಅದು ಸಿಕ್ಸ್ ಆಗಿಬಿಟ್ಟಿತು. ಪಂದ್ಯ ಮುಗೀತು. ರಾಹುಲ್ ಎಷ್ಟು? 97, ನಾಟೌಟ್.

ಮುಂದಿನ ಸಲ 'ಸ್ಪಿನ್ನರ್‌ಗಳ ಸ್ವರ್ಗ' ಅಂತ ಹಾಕುವ ಜಾಗದಲ್ಲಿ ಆ ಎರಡು 97ರ ಬಗ್ಗೆ ನಾಲ್ಕು ಸಾಲು ಹಾಕಿ.

ಇತಿ,
ನಿಮ್ಮ ಹಳೆಯ ಓದುಗ,
ಮೈಸೂರು