ಕೇಳುವವನ ಜಾಗದಲ್ಲಿ ಕುಳಿತು

ಪ್ರೀತಿಯ ಮಗಳೇ,

ಭಾನುವಾರ ರಾತ್ರಿ ನಾವಿಬ್ಬರೂ ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಬ್ಯಾಂಕಿನ ಕೆಲಸ ಬಿಟ್ಟು ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲಿಕೆ ಆರಂಭಿಸಲು ನೀನು ಬೆಳಗಿನ ರೈಲಿಗೆ ಹೊರಟಾಗ ನಾನು ಎಚ್ಚರವಾಗಿಯೇ ಇದ್ದೆ, ಆದರೆ ಏಳಲಿಲ್ಲ.

ಅರಿಸ್ಟಾಟಲನ ವಾಕ್ಕಲೆಯ ಗ್ರಂಥವನ್ನು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಮಾತನಾಡುವವನನ್ನು ಜನ ನಂಬಬೇಕಾದರೆ ವಿವೇಕ, ಸದ್ಗುಣ ಮತ್ತು ಗ್ರೀಕರು ಯೂನೊಯಾ ಎನ್ನುತ್ತಿದ್ದ ಸದ್ಭಾವ, ಈ ಮೂರೂ ಅವನಲ್ಲಿ ಕಾಣಬೇಕೆಂದು ಅವನು ಎರಡನೆಯ ಭಾಗದ ಆರಂಭದಲ್ಲೇ ಹೇಳುತ್ತಾನೆ. ಮೊದಲೆರಡು ಇದ್ದೂ ಸದ್ಭಾವವಿಲ್ಲದವನು ಒಳ್ಳೆಯದು ಯಾವುದೆಂದು ಗೊತ್ತಿದ್ದರೂ ಆ ಸಲಹೆಯನ್ನು ಕೊಡದೇ ಹೋಗಬಹುದು. ಮುಂದೆ ನಾಲ್ಕನೆಯ ಅಧ್ಯಾಯದಲ್ಲಿ, ಪ್ರೀತಿಸುವುದೆಂದರೆ ಇನ್ನೊಬ್ಬರಿಗೆ ಒಳ್ಳೆಯದನ್ನು ನಮಗೋಸ್ಕರವಲ್ಲದೆ ಅವರಿಗೋಸ್ಕರವೇ ಬಯಸುವುದು ಎನ್ನುತ್ತಾನೆ. ‘ಅವರಿಗೋಸ್ಕರವೇ’ ಎಂಬ ಮಾತಿನ ಕೆಳಗೆ ವಿದ್ಯಾರ್ಥಿಗಳಿಂದ ಗೆರೆ ಎಳೆಸುತ್ತಿದ್ದೆ. ಭಾನುವಾರ ನಾನು ಸಂಬಳದ ಲೆಕ್ಕ ಹೇಳಿದೆ, ಮನೆ ಸಾಲದ ಲೆಕ್ಕ ಹೇಳಿದೆ. ಲೆಕ್ಕ ತಪ್ಪಿರಲಿಲ್ಲ, ಆದರೆ ಒಳಗೆ ನನ್ನನ್ನು ಕಾಡುತ್ತಿದ್ದದ್ದು ನೆಂಟರಿಷ್ಟರು ಏನಂದಾರು ಎಂಬ ಅಳುಕು. ಅದನ್ನು ನೀನು ಕಂಡುಕೊಂಡೆ.

ಅಂದಿನಿಂದ ನನಗೆ ನಿನ್ನ ಏಳನೆಯ ತರಗತಿಯ ಭಾಷಣ ಸ್ಪರ್ಧೆಯೇ ನೆನಪಾಗುತ್ತಿದೆ. ಎರಡನೆಯ ಸಾಲಿನಲ್ಲಿ ಕುಳಿತಿದ್ದೆ. ನಡುವೆ ಮಾತು ಮರೆತು ನೀನು ಸಭೆಯಲ್ಲಿ ನನ್ನ ಮುಖವನ್ನು ಹುಡುಕಿದೆ. ಮುಂದಿನ ವಾಕ್ಯ ನನಗೆ ಬಾಯಿಪಾಠವಾಗಿತ್ತು, ಏಕೆಂದರೆ ಅದನ್ನು ಬರೆದುಕೊಟ್ಟವನೇ ನಾನು. ತುಟಿ ಅಲ್ಲಾಡಿಸಿದ್ದರೆ ಸಾಕಿತ್ತು, ಸುಮ್ಮನೆ ನಕ್ಕಿದ್ದರೂ ಸಾಕಿತ್ತು. ನಾನು ಬೇಸರದಿಂದ ತಲೆಯಾಡಿಸಿದೆ. ನೀನು ಮೈಕಿನಿಂದ ಹಿಂದೆ ಸರಿದು ಎರಡೂ ಕೈಗಳಿಂದ ಲಂಗದ ಅಂಚನ್ನು ಹಿಡಿದುಕೊಂಡೆ. ಆ ಬೆರಳುಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಮನೆಗೆ ಬಂದ ಮೇಲೂ ಅಭ್ಯಾಸ ಸಾಲದು ಎಂದೆನೇ ಹೊರತು ಬೇರೇನೂ ಹೇಳಲಿಲ್ಲ.

ಕ್ರಿ.ಪೂ. 330ರಲ್ಲಿ ಅಥೆನ್ಸಿನ ವಾಗ್ಮಿ ಡೆಮಾಸ್ತನೀಸ್, ತನಗೆ ಚಿನ್ನದ ಕಿರೀಟದ ಗೌರವ ಸಲ್ಲಬೇಕೇ ಎಂಬ ಮೊಕದ್ದಮೆಯಲ್ಲಿ ಅಲ್ಲಿನ ನ್ಯಾಯಸಭೆಯ ಮುಂದೆ ಭಾಷಣ ಮಾಡಲು ನಿಂತಾಗ, ಅವನು ಪ್ರತಿಪಾದಿಸಿದ ಯುದ್ಧನೀತಿ ಮ್ಯಾಸಿಡೋನಿಯಾದ ಎದುರು ಕೈರೋನಿಯಾ ಕದನದಲ್ಲಿ ಸೋತು ಎಂಟು ವರ್ಷಗಳಾಗಿದ್ದವು. ಅವನು ವಾದದಿಂದ ಆರಂಭಿಸಲಿಲ್ಲ. ಈ ನಗರದ ಬಗ್ಗೆ, ನಿಮ್ಮೆಲ್ಲರ ಬಗ್ಗೆ ನಾನು ಎಷ್ಟು ಸದ್ಭಾವ ಇಟ್ಟುಕೊಂಡು ಬಂದಿದ್ದೇನೋ ಅಷ್ಟೇ ಸದ್ಭಾವ ಇಂದು ನಿಮ್ಮಿಂದ ನನಗೆ ದೊರೆಯಲಿ ಎಂದು ದೇವದೇವತೆಯರನ್ನು ಬೇಡಿದ. ಅದೇ ಭಾಷಣದಲ್ಲಿ ಮುಂದೆ, ಮಾತುಗಾರನ ಶಕ್ತಿಯ ಬಹುಪಾಲು ಕೇಳುವವರ ಕೈಯಲ್ಲಿದೆ, ನೀವು ಒಬ್ಬನನ್ನು ಎಷ್ಟು ಸದ್ಭಾವದಿಂದ ಬರಮಾಡಿಕೊಳ್ಳುತ್ತೀರೋ ಅಷ್ಟು ಅವನು ಬುದ್ಧಿವಂತನಾಗಿ ಕಾಣುತ್ತಾನೆ ಎಂದೂ ಹೇಳಿದ. ಎದುರಾಳಿ ಈಸ್ಕಿನೀಸನಿಗೆ ಐದನೇ ಒಂದು ಭಾಗದಷ್ಟು ಮತಗಳೂ ಬೀಳಲಿಲ್ಲ. ಇದನ್ನೆಲ್ಲ ಓದಿಸಿದವನಿಗೆ ಆ ದಿನ ನಿನ್ನ ಪಾಲಿನ ನ್ಯಾಯಸಭೆ ಎರಡನೆಯ ಸಾಲಿನಲ್ಲಿ ಕುಳಿತಿದೆ ಎಂಬುದು ಹೊಳೆಯಲಿಲ್ಲ. ನನ್ನನ್ನು ಕ್ಷಮಿಸು.

ಇನ್ನೊಂದು ಮಾತು ಹೇಳುತ್ತೇನೆ, ಪಾಠವೆನ್ನಿಸಿದರೂ ಓದು. ನ್ಯಾಯಾಧೀಶರ ಒಲವನ್ನು ಪೀಠಿಕೆಯ ನಾಲ್ಕು ಮಾತುಗಳಿಂದ ಗಳಿಸಬಹುದೆಂದು ನಿನಗೆ ಹೇಳಿಕೊಡುವವರು ಸಿಗುತ್ತಾರೆ. ಅದನ್ನು ನೆಚ್ಚಿಕೊಳ್ಳಬೇಡ; ಕಕ್ಷಿದಾರ ಹೇಳುವುದನ್ನು ಪೂರ್ತಿ ಕೇಳು, ಕಡತವನ್ನು ಎರಡು ಸಲ ಓದು, ಎದುರು ಪಕ್ಷದ ಸಾಕ್ಷಿಯನ್ನು ಹೀಯಾಳಿಸಬೇಡ. ಪ್ಲೇಟೊನ ಗೋರ್ಗಿಯಸ್ ಸಂವಾದದಲ್ಲಿ ಸಾಕ್ರಟೀಸನು, ನಮ್ಮ ಬದುಕನ್ನು ಒರೆಗೆ ಹಚ್ಚುವವರಲ್ಲಿ ಜ್ಞಾನ, ಸದ್ಭಾವ, ನೇರನುಡಿ ಮೂರೂ ಇರಬೇಕು ಎನ್ನುತ್ತಾನೆ. ನಿನ್ನ ಸೀನಿಯರ್ ಗದರಿಸಿದಾಗ ಆ ನಡುವಿನದು ಅವರಲ್ಲಿದೆಯೇ ಎಂದು ಗಮನಿಸು. ಭಾನುವಾರ ನೀನು ನನ್ನೊಡನೆ ನೇರವಾಗಿ ಮಾತನಾಡಿದ ರೀತಿಗೆ ಆ ರಾತ್ರಿ ಸಿಟ್ಟು ಬಂದಿತ್ತು; ಈಗ ಹೆಮ್ಮೆಯಾಗುತ್ತಿದೆ. ಊಟ ತಪ್ಪಿಸಬೇಡ.

ಮೊದಲ ಸಲ ನೀನೇ ವಾದಿಸುವ ದಿನ ಗೊತ್ತಾದರೆ ತಿಳಿಸು. ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬೇಕೆಂಬ ಆಸೆಯಿದೆ. ಬೇಡವೆನ್ನಿಸಿದರೆ ಬೇಡವೆಂದೇ ಬರೆ, ನಾನು ಬರುವುದಿಲ್ಲ.

ನಿನ್ನ
ಅಪ್ಪ